ಹೊಲಿಗೆಯ ಗುಂಟ

ಮಾರ್ಚ್ ೩

ಇವತ್ತು ಸಾಹೇಬರು ಖುದ್ದಾಗಿ ನನ್ನ ಅಂಗಡಿಗೆ ಬಂದಿದ್ದರು. ನದಿಯಾಚೆಯವರ ಜೊತೆ ಸಂಧಾನಕ್ಕೆ ಕೂತಿರುವ ನಮ್ಮ ನಿಯೋಗದ ಮುಖ್ಯಸ್ಥರು. ದೇಶಕ್ಕೆ ದೇಶವೇ ಅವರ ಬಾಯಿ ನೋಡುತ್ತ ಕೂತಿದೆ, ಅವರು ನನ್ನ ಕುಂಟು ಸ್ಟೂಲಿನ ಮೇಲೆ ಕೈ ಅಗಲಿಸಿ ನಿಂತಿದ್ದರು. ಹಿಂದೆ ಅವರ ಕಾರ್ಯದರ್ಶಿ, ಬಾಗಿಲಾಚೆ ಇಬ್ಬರು ಬಂದೂಕಿನವರು, ಬೀದಿ ತುಂಬ ಜನ. ಎದುರು ಸಾಲಿನ ರೆಡಿಮೇಡ್ ಅಂಗಡಿಯವನ ಹೊಟ್ಟೆ ಎಷ್ಟು ಉರಿದಿರಬಹುದೆಂದು ನೆನೆದು ಈಗಲೂ ಹಿಗ್ಗಾಗುತ್ತಿದೆ.

ಕೋಟು ಹೋದ ತಿಂಗಳು ನಾನೇ ಹೊಲಿದದ್ದು. ಒಳಗೆ ಬುಲೆಟ್‌ಪ್ರೂಫ್ ಜಾಕೆಟ್ ಹಾಕಬೇಕೆಂದು ಎದೆಯಲ್ಲೂ ಬೆನ್ನಲ್ಲೂ ಧಾರಾಳವಾಗಿ ಬಟ್ಟೆ ಬಿಟ್ಟಿದ್ದೆ. ಸಾಹೇಬರು ಜೇಬಿನಿಂದ ಪೇಪರಿನ ತುಂಡೊಂದನ್ನು ತೆಗೆದು ತೋರಿಸಿದರು. ಫೋಟೋದಲ್ಲಿ ಆಚೆಯ ಮುಖ್ಯಸ್ಥ ಬೆತ್ತದ ಹಾಗೆ ನೆಟ್ಟಗೆ ನಿಂತಿದ್ದಾನೆ, ಪಕ್ಕದಲ್ಲಿ ನಮ್ಮವರು ಹತ್ತಿ ಮೂಟೆ.

"ನೋಡಯ್ಯಾ, ಎರಡು ವರ್ಷ ಯುದ್ಧ ಆಗಿದೆ. ಜನ ಒಣಗಿ ಹೋಗಿದಾರೆ. ನಾನು ಮಾತ್ರ ಎರಡೂ ಕಡೆಯವರದ್ದು ತಿಂದು ಊದ್ಕೊಂಡ ಹಾಗೆ ಕಾಣ್ತಿದೀನಿ. ಸಹಿ ಹಾಕೋ ದಿನ ಆ ಜಾಕೆಟ್ ಬೇಡ. ಕೋಟು ಮೈಗೆ ಸರಿಯಾಗಿ ಕೂರೋ ಹಾಗೆ ಒಳಗೆ ಹಿಡಿದುಬಿಡು."

"ಸರ್, ಭದ್ರತೆಯವರು ಒಪ್ಪಲ್ಲ" ಎಂದ ಕಾರ್ಯದರ್ಶಿ, ದನಿ ತಗ್ಗಿಸಿ.

"ಅವರಿಗೆ ಯಾರು ಹೇಳ್ತಾರೆ? ನೀನು ಹೇಳಲ್ಲ. ಈ ದರ್ಜಿ ಹೇಳಲ್ಲ."

ಇಸ್ತ್ರಿ ಮೇಜಿನ ಹಿಂದೆ ನನ್ನ ಭಾವಮೈದುನ ನಿಂತಿದ್ದ. ಸಾಹೇಬರು ಅವನ ಕಡೆಗೂ ಒಂದು ಸಲ ನೋಡಿದರು. "ಅವನು ಇಸ್ತ್ರಿಪೆಟ್ಟಿಗೆ ಬಿಟ್ಟು ಬೇರೆ ಯಾರ ಜೊತೇನೂ ಮಾತಾಡಲ್ಲ ಸರ್" ಎಂದೆ. ಎಲ್ಲರೂ ನಕ್ಕರು. ಅವನು ನದಿಯಾಚೆಯವನು ಎಂದು ನಾನು ಹೇಳಲು ಹೋಗಲಿಲ್ಲ. ನನ್ನ ಹೆಂಡತಿಯೂ ಆಚೆಯವಳೇ. ನಮ್ಮ ಮದುವೆಯಾದಾಗ ಅದನ್ನೆಲ್ಲ ಯಾರು ಕೇಳುತ್ತಿದ್ದರು.

ಮಾರ್ಚ್ ೫

ಕೋಟು ಬಿಚ್ಚಿ ಮತ್ತೆ ಹೊಲಿದು ಮುಗಿಸಿದೆ. ಬೆನ್ನಿನ ನಡುಹೊಲಿಗೆ ಬಿಚ್ಚುವಾಗ ಭಾವಮೈದುನ, "ಕತ್ತರಿಸಿಬಿಡಿ ಭಾವ, ಹೇಗೂ ಒಳಗೆ ಮಡಚ್ತೀರಲ್ಲ" ಎಂದ. ತಲೆಗೊಂದು ಮೊಟಕಿದೆ. ನನಗೆ ಕೆಲಸ ಕಲಿಸಿದ ಮೇಷ್ಟ್ರು ಹೊಲಿದ ಬಟ್ಟೆಗೆ ಅಡ್ಡ ಕತ್ತರಿ ಹಾಕಿದವನನ್ನು ಊಟಕ್ಕೆ ಕೂರಿಸುತ್ತಿರಲಿಲ್ಲ. ಬಿಚ್ಚುವುದಾದರೆ ಹೊಲಿಗೆಯ ಗುಂಟ, ಒಂದೊಂದೇ ಎಳೆ. ಮೂವತ್ತು ವರ್ಷದಲ್ಲಿ ನಾನು ಹೊಲಿದ ಒಂದು ಬಟ್ಟೆಯನ್ನೂ ಸೀಳಿದವನಲ್ಲ.

ಸಹಿ ಬಿದ್ದರೆ ಸೇತುವೆ ತೆರೆಯುತ್ತದೆ. ಸೇತುವೆ ತೆರೆದರೆ ಅಕ್ಕ ತಮ್ಮ ಇಬ್ಬರೂ ಆಚೆ ದಡದಲ್ಲಿರುವ ತಾಯಿಯನ್ನು ನೋಡಬಹುದು. ಹೆಂಡತಿ ಆಗಲೇ ಅಮ್ಮನಿಗೊಂದು ಶಾಲಿನ ಅಂಚು ಹೊಲಿಯುತ್ತಿದ್ದಾಳೆ. ಭಾವಮೈದುನ ಹೋಗುವ ದಿನ ಹಾಕಿಕೊಳ್ಳಲು ನನ್ನಿಂದ ಒಂದು ಬಿಳಿ ಅಂಗಿ ಹೊಲಿಸಿಕೊಂಡಿದ್ದಾನೆ. ಒಂದು ಸಲವೂ ಮೈಗೆ ಹಾಕಿಲ್ಲ, ದಿನಾ ತೆಗೆದು ಇಸ್ತ್ರಿ ಮಾಡಿ ಮತ್ತೆ ತೂಗುಹಾಕುತ್ತಾನೆ. ಆ ಬಿಸಿಯಲ್ಲೇ ನಮ್ಮೆಲ್ಲರ ಬ್ರೆಡ್ಡನ್ನೂ ಪೇಪರಿನಲ್ಲಿ ಸುತ್ತಿ ಸುಟ್ಟುಕೊಡುತ್ತಾನೆ. ಮೂವತ್ತರ ಗಂಡಸು, ಇನ್ನೂ ಮಗುಬುದ್ಧಿ.

ಸಂಜೆ ಕ್ಷೌರಕ್ಕೆ ಹೋಗಿದ್ದೆ. ಕ್ಷೌರಿಕ ನನ್ನ ಬಾಲ್ಯದ ಗೆಳೆಯ. ಮುಖದ ತುಂಬ ನೊರೆ ಹಚ್ಚಿದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ. "ಸಹಿ ಹಾಕೋ ದಿನ ಸಾಹೇಬರು ಜಾಕೆಟ್ ಹಾಕಲ್ಲ ಕಣೋ. ನನ್ನ ಕೋಟೇ ಅವರ ಕವಚ" ಎಂದೆ. ಬೆಂಚಿನ ಮೇಲೆ ಕಾಯುತ್ತಿದ್ದವರೆಲ್ಲ ಪೇಪರಿನಿಂದ ತಲೆಯೆತ್ತಿ ನನ್ನನ್ನೇ ನೋಡಿದರು. ಸಂಧಾನ ನಾನೇ ಮಾಡಿಸಿದವನ ಹಾಗೆ ಬೀಗಿಕೊಂಡು ಮನೆಗೆ ಬಂದೆ.

ಮಾರ್ಚ್ ೯

ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಇನ್ನೂ ಇದೆ. ನಾಳೆ ಜನ ಬಾಯಿಗೆ ಬಂದದ್ದು ಹೇಳುತ್ತಾರೆ, ಆದದ್ದನ್ನು ಆದ ಹಾಗೆ ಬರೆದಿಡುತ್ತೇನೆ.

ನದಿ ದಂಡೆಯ ಅತಿಥಿಗೃಹಕ್ಕೆ ನನ್ನನ್ನು ಕರೆಸಿದ್ದರು. ಸಹಿಯ ಹೊತ್ತಿಗೆ ಗುಂಡಿಯೋ ಹೊಲಿಗೆಯೋ ಕೈಕೊಟ್ಟರೆ ಇರಲಿ ಎಂದು, ಸೂಜಿ ದಾರ ಕತ್ತರಿ ಹಿಡಿದು ಸಾಹೇಬರ ಹಿಂದೆಯೇ ಇರಬೇಕೆಂದು ಅಪ್ಪಣೆ. ಕೋಟು ಎಷ್ಟು ಚೆನ್ನಾಗಿ ಕೂತಿತ್ತೆಂದರೆ ಕಾರ್ಯದರ್ಶಿಯೂ ತೆಪ್ಪಗಾದ. ಸಾಹೇಬರು ಕನ್ನಡಿಯಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ನೋಡಿಕೊಂಡು ನನ್ನ ಭುಜ ತಟ್ಟಿದರು. ಮೆಟ್ಟಿಲ ಕೆಳಗೆ ಆಚೆಯ ಮುಖ್ಯಸ್ಥ ಕೈ ಚಾಚಿ ನಿಂತಿದ್ದ. ಫೋಟೋದವರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಅವರ ನಡುವಿನಿಂದ ಒಬ್ಬ ಮುಂದೆ ಬಂದು ಕೈ ಎತ್ತಿದ. ಕ್ಯಾಮೆರಾ ಎಂದುಕೊಂಡೆ.

ಎರಡು ಗುಂಡು, ಎರಡೂ ಎದೆಗೆ. ಸಾಹೇಬರು ನಡೆದು ಸುಸ್ತಾದವರ ಹಾಗೆ ಮೆಟ್ಟಿಲ ಮೇಲೆ ಕೂತರು, ಆಮೇಲೆ ಮುಂದಕ್ಕೆ ಬೋರಲು ಬಿದ್ದರು. ಅಡ್ಡ ಬಂದ ಕಾವಲಿನವನಿಗೆ ಮೂರನೆಯದು. ಅವನ ಕೆನ್ನೆ ಹಾರಿಹೋಯಿತು, ಒಂದು ಹಲ್ಲು ನನ್ನ ಚಪ್ಪಲಿಯ ಮೇಲೆ ಬಿತ್ತು. ಕೊಂದವನು ಅಡುಗೆಮನೆಯೊಳಗೆ ನುಗ್ಗಿ ಹಿಂದಿನ ಗೋಡೆ ಹಾರಿದನಂತೆ. ನಾನು ನೋಡಲಿಲ್ಲ.

ವೈದ್ಯರು ಓಡಿ ಬಂದರು. ಗುಂಡು ಬೆನ್ನಿನಿಂದ ಹೊರಬಂದಿತ್ತು, ರಕ್ತ ಅಲ್ಲಿಂದಲೇ ಉಕ್ಕುತ್ತಿತ್ತು. ನನ್ನ ಕೈಯಲ್ಲಿ ಕತ್ತರಿ ಕಂಡು, "ಕೋಟು ಸೀಳು, ಬೇಗ" ಎಂದರು. ನಾನು ಮೊಣಕಾಲೂರಿ ಕಾಲರಿನ ಕೆಳಗೆ ಕತ್ತರಿಯ ತುದಿ ಇಟ್ಟೆ. ನಡುಹೊಲಿಗೆ. ಬಿಗಿಯಾಗಿರಲೆಂದು ನಾನೇ ಎರಡು ಸಲ ಹೊಡೆದದ್ದು. ಒಂದು ಎಳೆ ತೆಗೆದೆ, ಇನ್ನೊಂದು ತೆಗೆದೆ.

"ಬಿಚ್ಚಬೇಡಯ್ಯಾ, ಹರಿ" ಎಂದು ವೈದ್ಯರು ಕೂಗಿದ್ದು ಕೇಳಿಸಿತು. ಕೇಳಿಸಿದರೂ ಕೈ ಕೇಳಲಿಲ್ಲ. ನೆತ್ತರಲ್ಲಿ ನೆಂದ ದಾರ ಜಾರುತ್ತಿತ್ತು, ನಾನು ಹುಡುಕಿ ಹುಡುಕಿ ಒಂದೊಂದನ್ನೇ ತುಂಡರಿಸುತ್ತಿದ್ದೆ. ವೈದ್ಯರು ಕತ್ತರಿ ಕಿತ್ತುಕೊಂಡು ಒಂದೇ ಏಟಿಗೆ ಸೀಳಿದರು. ಅಷ್ಟರಲ್ಲಿ ಮುಗಿದಿತ್ತು. ಅಂಥ ಬಟ್ಟೆಯನ್ನು ಸೀಳಿದ ಸದ್ದು ಕಿವಿಯಿಂದ ಹೋಗುತ್ತಿಲ್ಲ. ಸಾಹೇಬರು ಒಳ್ಳೆಯವರು. ಅತ್ತುಬಿಟ್ಟೆ, ಈಗಲೂ ಅಳು ಬರುತ್ತಿದೆ.

ಮಾರ್ಚ್ ೧೦

ಸಂಧಾನ ನಿಂತಿದೆ. ಆಚೆಯವರೇ ಕೊಲ್ಲಿಸಿದರು ಎಂದು ಊರೆಲ್ಲ ಗುಲ್ಲು. ಮೂಲೆಯ ಚಪ್ಪಲಿ ಅಂಗಡಿಯವನು ಆಚೆಯವನು. ಮಧ್ಯಾಹ್ನ ಅವನನ್ನು ಬೀದಿಗೆ ಎಳೆದು, ಅವನದೇ ಸುತ್ತಿಗೆಯಿಂದ ಅವನ ಬೆರಳುಗಳನ್ನು ಅಂಗಡಿಯ ಹೊಸ್ತಿಲಿನ ಮೇಲಿಟ್ಟು ಜಜ್ಜಿದರು. ಆಮೇಲೆ ತಲೆ. ಹೊಡೆದವರಲ್ಲಿ ಅರ್ಧ ಜನ ಅವನು ಹೊಲಿದ ಚಪ್ಪಲಿಯನ್ನೇ ಮೆಟ್ಟಿದ್ದರು.

ನಾನು ಶಟರಿನ ಸಂದಿಯಿಂದ ನೋಡುತ್ತಿದ್ದೆ. ಭಾವಮೈದುನ ಹೊರಗೆ ಹೋಗಲು ಎದ್ದ. ಅವನ ಅಕ್ಕ ಹಿಂದಿನಿಂದ ತಬ್ಬಿ ಬಾಯಿ ಮುಚ್ಚಿ ಹಿಡಿದಳು. ಇನ್ನು ಮೇಲೆ ಅವನು ಕತ್ತರಿಸುವ ಮೇಜಿನ ಕೆಳಗೇ ಮಲಗಲಿ, ಬೀದಿಗೆ ಮುಖ ತೋರಿಸುವುದು ಬೇಡ ಎಂದು ಹೇಳಿದ್ದೇನೆ. ನನ್ನ ಜೀವ ಇರುವವರೆಗೆ ಅವನ ಕೂದಲು ಕೊಂಕಲು ಬಿಡುವುದಿಲ್ಲ.

ಮಾರ್ಚ್ ೧೨

ತನಿಖಾಧಿಕಾರಿಯ ಕೋಣೆಯಲ್ಲಿ ಕಿಟಕಿ ಇಲ್ಲ. ಒಂದು ಮೇಜು, ಎರಡು ಕುರ್ಚಿ, ಮೂಲೆಯಲ್ಲಿ ಒದ್ದೆ ನೆಲ. ಆತನ ಕೋಟಿನ ಎರಡನೆಯ ಗುಂಡಿ ಒಂದೇ ಎಳೆಯಲ್ಲಿ ನೇತಾಡುತ್ತಿತ್ತು. ಅದರಿಂದ ಕಣ್ಣು ಕೀಳಲಾಗಲಿಲ್ಲ.

"ನನ್ನ ಮುಖ ನೋಡು" ಎಂದು ಕಪಾಳಕ್ಕೆ ಬಿಟ್ಟ. ಎಡಗಿವಿ ಈಗಲೂ ಗುಂಯ್ ಎನ್ನುತ್ತಿದೆ.

"ಕೊಂದವನು ತಲೆಗೆ ಹೊಡೀಲಿಲ್ಲ, ಎದೆಗೆ ಹೊಡೆದ. ಜಾಕೆಟ್ ಇಲ್ಲ ಅಂತ ಗೊತ್ತಿದ್ದವನು ಮಾತ್ರ ಹಾಗೆ ಹೊಡೀತಾನೆ. ಯಾರ್ಯಾರಿಗೆ ಗೊತ್ತಿತ್ತು?"

"ಕಾರ್ಯದರ್ಶಿಗೆ ಸರ್. ನನಗೆ."

"ನಿನಗೆ. ಕೋಟು ಬಿಗಿ ಮಾಡಿದ್ದು ನೀನು. ಬೇಕೂಂತಲೇ ನಿಧಾನವಾಗಿ ಕತ್ತರಿಸಿದ್ದೂ ನೀನು. ವೈದ್ಯರು ಬರೆದುಕೊಟ್ಟಿದಾರೆ."

ಅದು ನನ್ನ ಕಸುಬಿನ ಅಭ್ಯಾಸ, ಕೈ ಹಾಗೇ ಹೋಗುತ್ತದೆ ಎಂದೆ. ಆತ ನಕ್ಕು ಇನ್ನೊಂದು ಬಿಟ್ಟ. ಪಕ್ಕದ ಕೋಣೆಯಲ್ಲಿ ಯಾರೋ ತಾಯಿಯನ್ನು ಕರೆಯುತ್ತಿದ್ದರು. ನಾನು ಹೊರಡುವಾಗ ಅಲ್ಲಿಂದ ಕಾರ್ಯದರ್ಶಿಯನ್ನು ಇಬ್ಬರು ಎಳೆದು ತಂದರು. ಒಂದು ಕಣ್ಣು ಇರಲಿಲ್ಲ, ಅಥವಾ ಊತದಲ್ಲಿ ಕಾಣಿಸಲಿಲ್ಲ. "ಯೋಚನೆ ಮಾಡಿಕೊಂಡು ಬಾ" ಎಂದ ತನಿಖಾಧಿಕಾರಿ. "ನಿನ್ನ ಹೆಂಡತಿ ಎಲ್ಲಿಯವಳು ಅಂತ ನನಗೂ ಗೊತ್ತು."

ಮಾರ್ಚ್ ೧೩

ಕ್ಷೌರಿಕ ಹಿತ್ತಲ ಬಾಗಿಲಿನಿಂದ ಬಂದ. ಕೂರು ಎಂದರೂ ಕೂರಲಿಲ್ಲ.

"ಅವತ್ತು ನನ್ನ ಅಂಗಡೀಲಿ ನೀನು ಆಡಿದ ಮಾತು ನಾನು ಯಾರಿಗೂ ಹೇಳಿಲ್ಲ. ಬೆಂಚಿನ ಮೇಲಿದ್ದವರದ್ದು ಗೊತ್ತಿಲ್ಲ."

"ಯಾವ ಮಾತು?"

ಅವನು ಹಿತ್ತಲ ಬಾಗಿಲಿನ ಚಿಲಕ ತೆಗೆದ. "ಸರಿ ಬಿಡು" ಎಂದು ಹೊರಟುಹೋದ.

ನಾನು ಅಂಥದ್ದೇನೂ ಆಡಿದವನಲ್ಲ. ಕೋಟು ಚೆನ್ನಾಗಿ ಬಂದಿದೆ ಎಂದಿರಬಹುದು, ಅಷ್ಟೇ. ಇವನ ಕಣ್ಣಲ್ಲಿ ಏನೋ ಇತ್ತು. ಇವನನ್ನೂ ನಂಬುವ ಹಾಗಿಲ್ಲ. ಮೇಜಿನ ಕೆಳಗಿನಿಂದ ಭಾವಮೈದುನ, "ಏನಂತೆ ಭಾವ?" ಎಂದು ಕೇಳಿದ. ಎಲ್ಲದಕ್ಕೂ ಕಿವಿ ಕೊಡುತ್ತಾನೆ. ಇಷ್ಟು ವರ್ಷ ಒಂದು ಮಾತೂ ಆಡದವನು ಒಳಗೊಳಗೆ ಏನೇನು ಲೆಕ್ಕ ಹಾಕುತ್ತಿದ್ದನೋ.

ಮಾರ್ಚ್ ೧೫

ದಾರ ತರಲು ಹೋಗುತ್ತೇನೆಂದು ಹೇಳಿ ತನಿಖಾಧಿಕಾರಿಯ ಬಳಿ ಹೋದೆ. ಇವತ್ತು ಆತ ಹೊಡೆಯಲಿಲ್ಲ. ಸಿಗರೇಟು ಹಚ್ಚಿ ಎದುರಿಗೆ ಕೂತ. ಮೂಲೆಯ ಒದ್ದೆ ಕೆಂಪಗಿತ್ತು. ಆ ಗುಂಡಿ ಇನ್ನೂ ನೇತಾಡುತ್ತಿತ್ತು.

"ಸರ್, ಬಿದ್ದುಹೋಗುತ್ತೆ. ಹಾಕಿಕೊಡಲಾ?" ಎಂದೆ.

ಆತ ಕೋಟು ಬಿಚ್ಚಿ ಮೇಜಿನ ಮೇಲೆ ಎಸೆದ. ಸೂಜಿ ನನ್ನ ಕಾಲರಿನಲ್ಲೇ ಇರುತ್ತದೆ. ದಾರ ಪೋಣಿಸಿದೆ. ಕೈಗೆ ಕೆಲಸ ಸಿಕ್ಕ ಕೂಡಲೇ ಎಷ್ಟೋ ಹಾಯೆನಿಸಿತು. ನಾಲ್ಕು ಕಣ್ಣಿಗೂ ಎರಡೆರಡು ಸಲ ಹಾಕಿ, ಗುಂಡಿಗೂ ಬಟ್ಟೆಗೂ ನಡುವಿನ ಕುತ್ತಿಗೆಗೆ ದಾರ ಸುತ್ತಿ ಬಿಗಿದೆ. ಹಾಗೆ ಸುತ್ತುವವನು ಈ ಊರಲ್ಲಿ ನಾನೊಬ್ಬನೇ.

"ಅಂಗಡೀಲಿ ಅವತ್ತು ಇನ್ನ್ಯಾರಿದ್ರು?" ಎಂದು ಕೇಳಿದ, ಹವೆ ಹೇಗಿದೆ ಎಂದು ಕೇಳುವವನ ಹಾಗೆ.

"ಇಸ್ತ್ರಿ ಮಾಡೋನು."

"ಎಲ್ಲಿಯವನು?"

"ನದಿಯಾಚೆಯವನು ಸರ್."

ದಾರ ಹಲ್ಲಿನಲ್ಲಿ ಕಡಿದು ಕೋಟು ಕೊಟ್ಟೆ. ನಾನೇನೂ ಸುಳ್ಳು ಹೇಳಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದೆ. ಅವನು ತಪ್ಪು ಮಾಡಿಲ್ಲದಿದ್ದರೆ ವಿಚಾರಿಸಿ ಬಿಡುತ್ತಾರೆ.

ಮಾರ್ಚ್ ೧೬

ಬೆಳಗಿನ ಚಹಾದ ಹೊತ್ತಿಗೆ ಬಂದರು. ಭಾವಮೈದುನ ತನ್ನ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. ಒಬ್ಬ ಬಂದೂಕಿನ ಹಿಂಬದಿಯಿಂದ ಮುಖಕ್ಕೆ ಹೊಡೆದ, ಮೂಗು ಮುರಿದದ್ದು ಕೇಳಿಸಿತು. ಇನ್ನೊಬ್ಬ ಬಿಸಿ ಇಸ್ತ್ರಿಪೆಟ್ಟಿಗೆ ತೆಗೆದು ಅವನ ಬಲಗೈ ಮೇಲಿಟ್ಟು ಒತ್ತಿದ. ಅವನು ಕೂಗಿದ ರೀತಿ ಮನುಷ್ಯರದಾಗಿರಲಿಲ್ಲ. ಹೆಂಡತಿ ಮೇಲೆ ಬಿದ್ದು ಬಿಡಿಸಲು ಹೋದಳು, ಅವಳನ್ನು ಗೋಡೆಗೆ ತಳ್ಳಿದರು. ಪೆಟ್ಟಿಗೆ ಜಾರಿ ಗಿರಾಕಿಯೊಬ್ಬರ ಉಣ್ಣೆಯ ಬಟ್ಟೆಯ ಮೇಲೆ ಬಿತ್ತು. ಅಂಗೈಯಗಲ ಸುಟ್ಟಿದೆ, ಅಂಥ ಬಟ್ಟೆ ಈಗ ಎಲ್ಲೂ ಸಿಗುವುದಿಲ್ಲ.

ಎಳೆದುಕೊಂಡು ಹೋಗುವಾಗ ಅವನು ನನ್ನತ್ತ ತಿರುಗಿ, "ಭಾವ, ಅಂಗಿ ಕೆಳಗೆ ಬಿದ್ದಿದೆ, ಎತ್ತಿಡಿ" ಎಂದ. ಎತ್ತಿಟ್ಟೆ.

"ಇವನು ಇಲ್ಲಿದಾನೆ ಅಂತ ಯಾರು ಹೇಳಿದ್ದು?" ಎಂದು ಹೆಂಡತಿ ಕೇಳಿದಳು. ಕ್ಷೌರಿಕ ಹಿತ್ತಲಿಗೆ ಬಂದಿದ್ದನಲ್ಲ ಎಂದೆ. ಅಷ್ಟೇ ಹೇಳಿದ್ದು.

ಮಾರ್ಚ್ ೧೯

ಇವಳು ದಿನಾ ಪೊಲೀಸರ ಗೇಟಿನ ಮುಂದೆ ಹೋಗಿ ನಿಲ್ಲುತ್ತಾಳೆ. ಅಡುಗೆ ಇಲ್ಲ, ಮನೆ ಇಲ್ಲ. ಹಾಗೆ ನಿಂತರೆ ನಮ್ಮಿಬ್ಬರ ಮೇಲೂ ಬರುತ್ತದೆ ಎಂದು ಎಷ್ಟು ಹೇಳಿದರೂ ಕೇಳದೆ, "ನೀವೂ ಬನ್ನಿ, ನಿಮ್ಮ ಮಾತು ಕೇಳ್ತಾರೆ" ಎಂದಳು. ಕೈಯೆತ್ತಿದೆ. ಮದುವೆಯಾದ ಮೇಲೆ ಮೊದಲ ಸಲ. ತುಟಿ ಒಡೆಯಿತು. ಅವಳ ಒಳ್ಳೆಯದಕ್ಕೇ.

ತನಿಖಾಧಿಕಾರಿ ಎರಡು ಪ್ಯಾಂಟು ಕಳಿಸಿದ್ದಾರೆ, ಸೊಂಟ ಸಡಿಲ ಮಾಡಬೇಕಂತೆ. ಅಳತೆ ನೋಡಿದರೆ ಮನುಷ್ಯ ಒಳ್ಳೆಯ ಊಟಗಾರ. ಚಪ್ಪಲಿ ಅಂಗಡಿಯವನನ್ನು ಹೊಡೆದವರಲ್ಲಿ ಮುಂದಿದ್ದ ದಢಿಯನೂ ಅಂಗಿ ಹೊಲಿಯಲು ಕೊಟ್ಟುಹೋದ. "ನೀವು ನಮ್ಮವರು ಬಿಡಿ" ಎಂದ. ಬೀದಿಯಲ್ಲಿ ಈಗ ಜನ ನನಗೆ ದಾರಿ ಬಿಡುತ್ತಾರೆ.

ಮಾರ್ಚ್ ೨೪

ಕೊಂದವನು ಸಿಕ್ಕಿದ. ನಮ್ಮವನೇ. ಯುದ್ಧದಲ್ಲಿ ಸೇತುವೆ ಕಾದ ಸೈನಿಕ, ಅವನ ಜೊತೆಯವರೆಲ್ಲ ಅಲ್ಲೇ ಸತ್ತರಂತೆ. ಆ ಸೇತುವೆಯನ್ನು ಸಹಿ ಹಾಕಿ ಬಿಟ್ಟುಕೊಡುತ್ತಾರೆಂದು ಕೊಂದನಂತೆ. ಪೇಪರಿನಲ್ಲಿ ಅವನ ಹೇಳಿಕೆ ಬಂದಿದೆ: "ಎದೆಗೆ ಹೊಡೆಯಲು ಸೈನ್ಯದಲ್ಲಿ ಕಲಿಸಿದ್ದರು, ಎದೆಗೆ ಹೊಡೆದೆ. ಜಾಕೆಟ್ ಇದೆಯೋ ಇಲ್ಲವೋ ನನಗೇನು ಗೊತ್ತು."

ಎರಡು ಸಲ ಓದಿದೆ. ಮೈಮೇಲಿನ ಬಂಡೆ ಇಳಿದ ಹಾಗಾಯಿತು. ಯಾರು ಯಾರಿಗೆ ಏನು ಹೇಳಿದ್ದರೂ ಒಂದೇ, ಕೊಂದವನಿಗೆ ಅದು ಬೇಕಾಗಿಯೇ ಇರಲಿಲ್ಲ. ನನ್ನದು ಎಳ್ಳಷ್ಟೂ ತಪ್ಪಿಲ್ಲ. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

"ಹಾಗಾದ್ರೆ ಅವನನ್ನ ಬಿಡ್ತಾರೆ" ಎಂದು ಹೆಂಡತಿ ಶಾಲು ಹೊದ್ದು ಓಡಿದಳು. ಹೌದಲ್ಲ, ಬಿಡಬಹುದು.

ಮಾರ್ಚ್ ೨೬

ಬಿಟ್ಟರು. ಗೋಣಿ ಹೊದಿಸಿ ವ್ಯಾನಿನಲ್ಲಿ ತಂದು ಅಂಗಡಿಯ ಮುಂದೆ ಇಳಿಸಿ ಹೋದರು. ಹೃದಯ ನಿಂತು ಸತ್ತನೆಂದು ಬರೆದ ಚೀಟಿ ಕೊಟ್ಟರು.

ಕತ್ತರಿಸುವ ಮೇಜಿನ ಮೇಲೆ ಮಲಗಿಸಿದೆವು. ಬಲಗೈಯಲ್ಲಿ ಇಸ್ತ್ರಿಪೆಟ್ಟಿಗೆಯ ಮೂತಿಯ ಗುರುತು ಹಾಗೇ ಇತ್ತು. ಬೆರಳುಗಳು ಹಿಂದಕ್ಕೆ ಮಡಚಿದ್ದವು, ಉಗುರಿರಲಿಲ್ಲ. ಪಕ್ಕೆಲುಬು ಒಂದು ಕಡೆ ಒಳಗೆ ಹೋಗಿತ್ತು. ಹೆಂಡತಿ ಒಂದು ಹನಿ ಕಣ್ಣೀರು ಹಾಕದೆ ಒದ್ದೆ ಬಟ್ಟೆಯಿಂದ ಎಲ್ಲವನ್ನೂ ಒರೆಸಿದಳು. ಬಿಳಿ ಅಂಗಿ ತಂದು ನನ್ನ ಕೈಗೆ ಕೊಟ್ಟಳು.

ಹಾಕಲು ಆಗಲಿಲ್ಲ. ಮೈ ಊದಿತ್ತು, ತೋಳು ಬಗ್ಗುತ್ತಿರಲಿಲ್ಲ. ಕತ್ತರಿ ತೆಗೆದುಕೊಂಡು ಅಂಗಿಯ ಬೆನ್ನನ್ನು ಕೆಳಗಿನಿಂದ ಕಾಲರಿನವರೆಗೆ ಸೀಳಿದೆ. ಬೆನ್ನಲ್ಲಿ ಹೊಲಿಗೆ ಇರಲಿಲ್ಲ, ಅಖಂಡ ಬಟ್ಟೆ. ಕತ್ತರಿ ಚೂಪಾಗಿತ್ತು, ಒಂದೇ ಎಳೆತಕ್ಕೆ ಹೋಯಿತು. ಮುಂದಿನಿಂದ ತೊಡಿಸಿ ಅಂಚುಗಳನ್ನು ಮೈಯ ಕೆಳಗೆ ಸೇರಿಸಿದೆ. ನೋಡಿದವರಿಗೆ ಗೊತ್ತೇ ಆಗುವುದಿಲ್ಲ.

ತಲೆಯೆತ್ತಿದರೆ ಹೆಂಡತಿ ನನ್ನ ಕೈಯನ್ನೇ ನೋಡುತ್ತಿದ್ದಳು.

"ಸಾಹೇಬರ ಕೋಟು ಸೀಳೋಕೆ ಆಗ್ಲಿಲ್ಲ ನಿಮಗೆ."

ಅದು ಬೇರೆ, ಇದು ಬೇರೆ ಎಂದೆ.

"ಆ ಅಧಿಕಾರಿ ಗೇಟಿನ ಹತ್ರ ದಿನಾ ನನ್ನ ಮುಂದೇನೇ ಓಡಾಡ್ತಿದ್ರು. ಮೊದಲ ದಿನಾನೇ ನೋಡಿದೆ. ಕೋಟಿನ ಎರಡನೇ ಗುಂಡಿ, ಕುತ್ತಿಗೆಗೆ ದಾರ ಸುತ್ತಿ ಬಿಗಿದಿದೆ." ಅವಳ ದನಿ ಏರಲೇ ಇಲ್ಲ. "ಆದ್ರೂ ನೀವೂ ಬನ್ನಿ ಅಂತ ಕರೆದೆ. ಬರ್ತೀರೇನೋ ಅಂದ್ಕೊಂಡಿದ್ದೆ."

ಗುಂಡಿ ಹಾಕುವುದು ನನ್ನ ಕಸುಬು. ಯಾರು ಕೇಳಿದರೂ ಹಾಕುತ್ತೇನೆ. ಅದರಲ್ಲಿ ಏನಿದೆ?

ಮಾರ್ಚ್ ೨೯

ಹೆಣ ಮತ್ತು ರೋಗಿಗಳನ್ನು ದಾಟಿಸಲು ಸೇತುವೆಯನ್ನು ಇವತ್ತು ಮಧ್ಯಾಹ್ನದವರೆಗೆ ತೆರೆದಿದ್ದರು. ಅವಳು ತಮ್ಮನ ಜೊತೆ ಹೋದಳು. ಅಮ್ಮನಿಗೆಂದು ಅಂಚು ಹೊಲಿದಿದ್ದ ಶಾಲನ್ನು ಅವನ ಮೇಲೆ ಹೊದಿಸಿದ್ದಳು. ಬಾಗಿಲವರೆಗೆ ಹೋಗಿ ನಾನೂ ಬರಲೇ ಎಂದು ಕೇಳಿದೆ. ಗಾಡಿಯವನಿಗೆ ಹೊರಡಲು ಹೇಳಿದಳು.

ಎರಡು ದಿನದಲ್ಲಿ ಕೋಪ ಇಳಿದು ಬರುತ್ತಾಳೆ. ಬರದೆ ಎಲ್ಲಿಗೆ ಹೋಗುತ್ತಾಳೆ.

ಏಪ್ರಿಲ್ ೬

ಮತ್ತೆ ಸಂಧಾನ ಶುರುವಾಗುತ್ತದಂತೆ. ಹೊಸ ಸಾಹೇಬರು ಇವತ್ತು ಬಂದಿದ್ದರು, ತನಿಖಾಧಿಕಾರಿಯೇ ನನ್ನ ಹೆಸರು ಹೇಳಿ ಕಳಿಸಿದ್ದು. ತೆಳ್ಳಗಿನ ಮನುಷ್ಯ, ಸ್ಟೂಲಿನ ಮೇಲೆ ನಿಂತೂ ಬಾಗಿಲ ಕಡೆಗೇ ನೋಡುತ್ತಿದ್ದರು. ಜಾಕೆಟ್ ಹಾಕಿಕೊಂಡೇ ಅಳತೆ ಕೊಟ್ಟರು. ಬೆನ್ನಿಗೆ ಧಾರಾಳವಾಗಿ ಬಟ್ಟೆ ಬಿಡುತ್ತೇನೆ ಎಂದೆ.

ಬೆಳಿಗ್ಗೆ ಬ್ರೆಡ್ಡನ್ನು ಇಸ್ತ್ರಿಪೆಟ್ಟಿಗೆಯಲ್ಲಿ ಸುಡಲು ಹೋಗಿ ಕರಕಲು ಮಾಡಿದ್ದೆ. ಅಂಗಡಿಯಲ್ಲಿ ಇನ್ನೂ ಅದೇ ವಾಸನೆ. ಹೊಸ ಕಾರ್ಯದರ್ಶಿ ಮೂಗು ಮುಚ್ಚಿಕೊಂಡು ಇಸ್ತ್ರಿ ಮೇಜಿನ ಹಿಂದೆ ಬಗ್ಗಿ ನೋಡಿದ, ಒಳಕೋಣೆಯ ಪರದೆ ಸರಿಸಿ ನೋಡಿದ.

"ಇಲ್ಲಿ ನಿಮ್ಮ ಜೊತೆ ಬೇರೆ ಯಾರಿದಾರೆ?"

"ಯಾರೂ ಇಲ್ಲ" ಎಂದೆ.

"ಒಳ್ಳೇದಾಯ್ತು" ಎಂದ.